ಒಣಗಿದ ಜೇಡಿ, ಆರದ ಡಬ್ಬಿ

ಬೇಸಿಗೆಯಲ್ಲಿ ಎರೆ ಹೊಲ ತುಳಿದವರಿಗೆ ಗೊತ್ತು, ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ. ಎರಡು ಹದ ಮಳೆ ಬಿದ್ದರೆ ಸಾಕು, ಅದೇ ನೆಲ ಉಬ್ಬಿ ಮುಚ್ಚಿಕೊಳ್ಳುತ್ತದೆ. ಈ ಗುಣ ಬರುವುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜದಿಂದ. ಅದು ಹೇರಳವಾಗಿರುವ ಜೇಡಿಯೇ ಬೆಂಟೊನೈಟ್. ಅರ್ಥಿಂಗ್ ಗುಂಡಿಗೆ ಎಲೆಕ್ಟ್ರಿಷಿಯನ್ನರು ಸುರಿಯುವ ಪುಡಿ. ಫಿನ್‌ಲೆಂಡ್‌ನ ಒಂಕಲೊ ಎಂಬ ಅಣು ತ್ಯಾಜ್ಯದ ನೆಲಮಾಳಿಗೆಯಲ್ಲಿ, ಸುಮಾರು 430 ಮೀಟರ್ ಆಳದಲ್ಲಿ, ಬಳಸಿದ ಅಣು ಇಂಧನದ ತಾಮ್ರದ ಡಬ್ಬಿಗಳ ಸುತ್ತ, ಉಬ್ಬಿ ಸಂದು ಮುಚ್ಚಿ ನೀರನ್ನು ತಡೆಯಲಿ ಎಂದು ಕೂರಿಸಲು ಆರಿಸಿರುವುದೂ ಇದನ್ನೇ.

ಡಬ್ಬಿ ಬಿಸಿಯಾಗಿರುತ್ತದೆ. ಜೇಡಿ 100 ಡಿಗ್ರಿ ದಾಟಬಾರದು ಎಂಬುದು ಅಲ್ಲಿನ ನಿಯಮ. ‘ನೀರು ಕುದಿಯುತ್ತದೆ ಅಂತಲಾ ಸರ್?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಷ್ಟು ಆಳದ ನೀರಿನ ಒತ್ತಡ ಪೂರ್ತಿ ಕೂತ ಮೇಲೆ 200 ಡಿಗ್ರಿಗೂ ನೀರು ಕುದಿಯದು. ತೊಡಕಿರುವುದು ಅದಕ್ಕೂ ಮೊದಲು. ಬಿಸಿ ಏರುವುದು ಮೊದಲ ಕೆಲವು ದಶಕಗಳಲ್ಲಿ. ಬಂಡೆಯ ನೀರು ಜೇಡಿಗೆ ಇಳಿಯುವುದು ನಿಧಾನ. ಡಬ್ಬಿಯ ಮಗ್ಗುಲಿನ ತೇವ ಆವಿಯಾಗಿ ಹೊರಕ್ಕೆ ಸರಿಯುತ್ತದೆ. ಒಣ ಜೇಡಿ ಶಾಖವನ್ನು ಸುಲಭವಾಗಿ ದಾಟಿಸದು, ಹಾಗಾಗಿ ಡಬ್ಬಿ ಇನ್ನಷ್ಟು ಕಾಯುತ್ತದೆ.

ಒಣಗುವುದಕ್ಕೇ ನಾನು ಹೆದರುವವನಲ್ಲ. ಲ್ಯಾಬಿನಲ್ಲಿ 105 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಬೆಂದ ಬೆಂಟೊನೈಟನ್ನು ಉಂಗುರಕ್ಕೆ ತುಂಬಿ ನೀರು ಬಿಟ್ಟರೆ, ಸ್ವಲ್ಪ ಹೊತ್ತಿಗೆ ಉಬ್ಬು ಅಳೆಯುವ ಡಯಲ್ ಗೇಜಿನ ಮುಳ್ಳು ಏರತೊಡಗುತ್ತದೆ. ಬಿಸಿಗೆ ಈ ಖನಿಜ ಉಬ್ಬದ ಇಲ್ಲೈಟ್ ಆಗಿಬಿಟ್ಟರೆ ಎಂಬ ಚರ್ಚೆಗೆ ಸೆಮಿನಾರುಗಳಲ್ಲಿ ಬಹಳ ಸಮಯ ಹೋಗುತ್ತದೆ. ಅದಕ್ಕೆ ಪೊಟ್ಯಾಸಿಯಂ ಬೇಕು. ಅದು ಕಡಿಮೆಯಿದ್ದಲ್ಲಿ, 100 ಡಿಗ್ರಿಯೊಳಗೆ, ಬದಲಾವಣೆ ಬಹಳ ನಿಧಾನ.

ನನ್ನ ಚಿಂತೆ ಜೇಡಿ ಎಲ್ಲ ಕಡೆ ಒಂದೇ ಸಮನಾಗುತ್ತದೆಯೇ ಎಂಬುದು. ಸ್ವಿಟ್ಜರ್‌ಲೆಂಡಿನ ಗ್ರಿಮ್ಸೆಲ್ ಸುರಂಗದಲ್ಲಿ ಸ್ಪೇನಿನ ಬೆಂಟೊನೈಟ್ ಇಟ್ಟಿಗೆಗಳ ನಡುವೆ ಎರಡು ಹೀಟರ್ ಇಟ್ಟು, 1997ರಲ್ಲಿ ಹಚ್ಚಿದರು. ಒಂದನ್ನು 2002ರಲ್ಲಿ ತೆಗೆದರು. ಇನ್ನೊಂದು 2015ರವರೆಗೆ, ಅಂದರೆ 18 ವರ್ಷ, 100 ಡಿಗ್ರಿಯಲ್ಲಿತ್ತು. ಬಿಚ್ಚಿ ನೋಡಿದಾಗ ಇಟ್ಟಿಗೆಗಳ ಸಂದುಗಳು ಮುಚ್ಚಿದ್ದವು, ಖನಿಜವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಆದರೆ ಬಂಡೆಯ ಕಡೆಯ ಜೇಡಿ ನೀರು ಕುಡಿದು ಉಬ್ಬಿ ಸಡಿಲವಾಗಿತ್ತು. ಹೀಟರ್ ಕಡೆಯದು ಅದರ ಒತ್ತಿಗೆ ಸಿಕ್ಕಿ ಬಿಗಿಯಾಗಿತ್ತು, ತೇವವೂ ಅದಕ್ಕಿಂತ ಕಡಿಮೆಯಿತ್ತು.

ನಮ್ಮ ಕೆಜಿಎಫ್‌ನಲ್ಲೂ ಸುಮಾರು ಸಾವಿರ ಮೀಟರ್ ಆಳದಲ್ಲಿ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಹೀಟರ್ ಇಟ್ಟು ನೋಡಿದ್ದುಂಟು. ಅಲ್ಲಿ ಪರೀಕ್ಷಿಸಿದ್ದು ಬಂಡೆಯನ್ನು.

ಗ್ರಿಮ್ಸೆಲ್‌ನಲ್ಲೇ 2021ರಿಂದ ಹೊಸ ಪ್ರಯೋಗ ನಡೆದಿದೆ, ಈ ಸಲ 200 ಡಿಗ್ರಿವರೆಗೆ. ಮಿತಿ ಏರಿಸಬಹುದಾದರೆ ಡಬ್ಬಿಗಳನ್ನು ಹತ್ತಿರ ಹತ್ತಿರ ಇಡಬಹುದು, ಸುರಂಗ ಕಡಿಮೆ ಕೊರೆಯಬಹುದು. ಗುತ್ತಿಗೆಯ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ಅದನ್ನೂ ಅಗೆದು, ಬಂಡೆಯಿಂದ ಹೀಟರಿನವರೆಗೆ ಸಾಲಾಗಿ ತುಣುಕು ಕೊಯ್ದು ತೂಗಿದ ಮೇಲೆ ಆ ಲೆಕ್ಕಕ್ಕೆ ಕೈಹಾಕಲಿ.