ಕಾಲು ಹಿಡಿದ ಮದುವೆ ಕುದುರೆಗೆ ಏನು ತಿನ್ನಿಸಬೇಕು?

ಪ್ರಶ್ನೆ: "ನಮ್ಮದು ಹುಬ್ಬಳ್ಳಿ ರೀ. ಮದುವಿ ಮೆರವಣಿಗಿಗೆ ಹೋಗೋ ಹೆಣ್ಣು ಕುದುರಿ ಐತಿ, ವಯಸ್ಸು 17. ಎರಡು ವರ್ಷದಿಂದ ಮುಂದಿನ ಕಾಲು ಮತ್ತ ಮತ್ತ ಹಿಡಿಯಾಕತ್ತಾವು. ಡಾಕ್ಟ್ರು ಲ್ಯಾಮಿನೈಟಿಸ್ ಅಂದ್ರು, ಪೂರ್ತಿ ವಾಸಿ ಆಗೂದಿಲ್ಲ, ಮೇವಿನಾಗ ಸಂಭಾಳಿಸ್ರಿ ಅಂದ್ರು. ಕಡ್ಲಿ, ಗೋಧಿ ಬೂಸಾ, ಬೆಲ್ಲ ಕೊಡ್ತೀವಿ. ಇನ್ನೇನು ಹಾಕಿದ್ರ ತಾಕತ್ತು ಬರ್ತೈತಿ?"

ಮೊದಲು ಬೆಲ್ಲ ನಿಲ್ಲಿಸಿ. ಇವತ್ತೇ. ಅದರ ಹಿಂದೆಯೇ ಕಡಲೆ. ಇನ್ನೇನು ಹಾಕಬೇಕು ಅನ್ನೋದನ್ನು ಅದಾದ ಮೇಲೆ ನೋಡೋಣ.

ಕುದುರೆಯ ಗೊರಸಿಗೂ ಒಳಗಿನ ಎಲುಬಿಗೂ ನಡುವೆ ಒಂದು ನವಿರಾದ ಹಿಡಿತ ಇರುತ್ತದೆ. ಇಡೀ ಮೈಭಾರ ಅದರ ಮೇಲೆ. ಸಕ್ಕರೆ, ಪಿಷ್ಟ ಜಾಸ್ತಿ ತಿಂದಾಗ ಕೆಲವು ಕುದುರೆಗಳ ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರುತ್ತದೆ. ಆ ಇನ್ಸುಲಿನ್ನೇ ಈ ಹಿಡಿತವನ್ನು ಸಡಿಲ ಮಾಡುತ್ತದೆ. ಡಾಕ್ಟ್ರು ಹೇಳಿದ ಲ್ಯಾಮಿನೈಟಿಸ್ ಇದೇ. ನಮ್ಮ ಕಡೆ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಅರ್ಥ ಮಾಡಿಸುವುದು ಕಷ್ಟವಿಲ್ಲ. ನಿಮ್ಮ ಕುದುರೆಗೂ ಹತ್ತಿರ ಹತ್ತಿರ ಅದೇ ಪಥ್ಯ. ಕಡಲೆ, ಜೋಳ, ಗೋವಿನಜೋಳ, ಹುರುಳಿ ಎಲ್ಲದರಲ್ಲೂ ಪಿಷ್ಟ ತುಂಬಿದೆ. ಓಡುವ ಕುದುರೆಗೆ ಅದು ಶಕ್ತಿ, ಕಾಲು ಹಿಡಿದು ನಿಂತ ಕುದುರೆಗೆ ಅದೇ ನೋವು.

ಹಾಗಂತ ಉಪವಾಸ ಕೆಡವಬೇಡಿ. ದಪ್ಪಗಿದೆ ಅಂತ ಮೇವು ಪೂರ್ತಿ ನಿಲ್ಲಿಸಿದರೆ, ಅದರಲ್ಲೂ ತಟ್ಟು ಜಾತಿಯ ಸಣ್ಣ ಕುದುರೆಗಳಲ್ಲಿ, ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ಇಳಿಯುತ್ತದೆ. ಯಕೃತ್ತು ಕೆಟ್ಟು ಪ್ರಾಣವೇ ಹೋಗಬಹುದು. ಕುದುರೆಯ ಹೊಟ್ಟೆ ಚಿಕ್ಕದು, ಸ್ವಲ್ಪ ಸ್ವಲ್ಪ ದಿನವಿಡೀ ತಿನ್ನುತ್ತಿರಬೇಕು. ನಾಲ್ಕೈದು ತಾಸಿಗಿಂತ ಜಾಸ್ತಿ ಖಾಲಿ ಬಿಡಬಾರದು.

ಹಾಗಾದ್ರೆ ಎಷ್ಟು ಹಾಕಬೇಕು? ದರ್ಜಿಯ ಟೇಪು ತನ್ನಿ. ಮುಂಗಾಲಿನ ಹಿಂದೆ, ಎದೆಯ ಸುತ್ತ ಅಳೆಯಿರಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿಯ ತನಕ ಉದ್ದ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಎದೆಸುತ್ತು 150 ಸೆಂ.ಮೀ., ಉದ್ದ 135 ಸೆಂ.ಮೀ. ಇದ್ದರೆ ತೂಕ ಸುಮಾರು 256 ಕೆಜಿ. ದಿನಕ್ಕೆ ತೂಕದ ನೂರಕ್ಕೆ ಒಂದೂವರೆ ಪಾಲು ಒಣ ಮೇವು ಬೇಕೇ ಬೇಕು. ಒಣಹುಲ್ಲಿನಲ್ಲೂ ಒಂದಿಷ್ಟು ತೇವ ಇರುತ್ತದಲ್ವಾ, ಅದನ್ನು ಸೇರಿಸಿದರೆ ನಾಲ್ಕೂಕಾಲು ಕೆಜಿ. ಸಂತೆಯಲ್ಲಿ ಸಿಗುವ ತೂಗುಹಾಕುವ ಕಾಟಾ ಒಂದಿರಲಿ. ಕೈಯಳತೆಗೆ ಹಾಕಿದವರು ಯಾವಾಗಲೂ ಜಾಸ್ತಿಯೇ ಹಾಕುತ್ತಾರೆ, ನಾನೂ ಹಾಕಿದ್ದೇನೆ.

ಯಾವ ಹುಲ್ಲು ಅನ್ನೋದು ಇದಕ್ಕಿಂತ ದೊಡ್ಡ ಮಾತು. ಕರಡ, ಬಯಲಲ್ಲಿ ಬಲಿತು ಒಣಗಿದ ಹುಲ್ಲು, ಗಣಪತಿಗೆ ಏರಿಸುವ ಅದೇ ಗರಿಕೆಯನ್ನು ಒಣಗಿಸಿದ್ದು, ಇವು ನಡೆಯುತ್ತವೆ. ಜೋಳದ ಕಣಿಕೆಯನ್ನು ನಾನು ಹಾಕುವುದಿಲ್ಲ. ಅದರ ದಂಟೇ ಸಿಹಿ. ಹಸಿ ಜೋಳದ ಬೆಳೆಯಂತೂ ಬೇಡವೇ ಬೇಡ. ಎಳೆಯದರಲ್ಲಿ ಸೈನೈಡ್ ವಿಷ ಇರುವುದು ದನ ಕಟ್ಟಿದ ಎಲ್ಲರಿಗೂ ಗೊತ್ತು. ಕುದುರೆಗೆ ಅದರಿಂದ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುವ ಕಾಯಿಲೆಯೂ ಬರುತ್ತದೆ.

ನೇಪಿಯರ್ ಹುಲ್ಲು ಹೊಲದ ಬದುವಿನಲ್ಲಿ ಹುಲುಸಾಗಿ ಬೆಳೆಯುತ್ತದೆ, ಎಮ್ಮೆಗೆ ಒಳ್ಳೆಯದು. ಕುದುರೆಗೆ ಅದೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಅನ್ನುವ ವಸ್ತು ಸುಣ್ಣದಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸ್ವಂತ ಹೊಲದಲ್ಲಿ ಮೇವು ಬೆಳೆಯುವವರು ಬೀಜ ಹಾಕುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಈಗ ಬೂಸಾ ವಿಷಯ. ಇದಕ್ಕೆ ನನಗೊಂದು ಹಳೆಯ ನೋವಿದೆ. ನಮ್ಮ ಸೋದರಮಾವ ಟಾಂಗಾ ಇಟ್ಟಿದ್ದರು. ದುಡಿದು ಬಂದ ಕುದುರೆಗೆ ಬಕೆಟ್ ತುಂಬ ಬೂಸಾ ಕಲಸಿ ಇಡೋರು, ತಾವು ಚಾ ಕುಡಿಯುವ ಮೊದಲು. ಒಂದು ವರ್ಷ ಕುದುರೆಯ ಮುಖ ಕಣ್ಣಿನ ಕೆಳಗೆ ಎರಡೂ ಕಡೆ ಉಬ್ಬಿತು. ಮುಟ್ಟಿದರೆ ಗಟ್ಟಿ, ಬಾವಿನ ಹಾಗೆ ಮೆತ್ತಗಿಲ್ಲ. ಜಗಿಯಲಾರದು, ಕುಂಟುತ್ತದೆ. ಹಲ್ಲು ನೋವು ಅಂದುಕೊಂಡು ಏನೇನೋ ಹಚ್ಚಿದರು. ಗೋಧಿ ಬೂಸಾದಲ್ಲಿ ಸುಣ್ಣದಂಶಕ್ಕಿಂತ ರಂಜಕ (ಫಾಸ್ಫರಸ್) 8–10 ಪಟ್ಟು ಜಾಸ್ತಿ ಅನ್ನೋದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ರಕ್ತದಲ್ಲಿ ಲೆಕ್ಕ ಸರಿದೂಗಿಸಲು ಮೈ ತನ್ನ ಎಲುಬಿನಿಂದಲೇ ಸುಣ್ಣ ಕೀಳುತ್ತದೆ. ಆ ಜಾಗದಲ್ಲಿ ನಾರು ತುಂಬಿ ಮುಖ ಉಬ್ಬುತ್ತದೆ. ಮೇವಿನಲ್ಲಿ ಸುಣ್ಣದಂಶ ರಂಜಕಕ್ಕಿಂತ ಒಂದೂವರೆ ಪಟ್ಟಾದರೂ ಇರಬೇಕು. ಬೂಸಾ ಜೊತೆ ನೇಪಿಯರ್ರೂ ಸೇರಿದರೆ ಎರಡು ಕಡೆಯಿಂದ ಹೊಡೆತ. ಔಷಧಿ ಕಲಸಿ ಕೊಡೋಕೆ ಒಂದು ಹಿಡಿ ಬೂಸಾ ಸಾಕು.

ಸುಣ್ಣದಂಶಕ್ಕೂ ಪ್ರೋಟೀನಿಗೂ ಕುದುರೆ ಮಸಾಲೆ ಸೊಪ್ಪು ಇದೆ. ಹೆಸರಲ್ಲೇ ಕುದುರೆ ಇದೆ ನೋಡಿ, ಆದ್ರೂ ನಮ್ಮಲ್ಲಿ ಅದು ಹೋಗೋದು ಆಕಳ ಗೋದಲಿಗೆ. ಒಣಗಿಸಿದ್ದು ದಿನಕ್ಕೆ ಅರ್ಧ ಕೆಜಿ ಒಳಗೆ, ಹುಲ್ಲಿನ ಲೆಕ್ಕದಲ್ಲೇ ಸೇರಿಸಿ. ಜೊತೆಗೆ ಒಂದು ಚಮಚ ಉಪ್ಪು. ವಿಟಮಿನ್ ಇ ಹಸಿ ಹುಲ್ಲಲ್ಲಿ ಚೆನ್ನಾಗಿರುತ್ತದೆ, ಒಣಗಿದರೆ ಕಡಿಮೆಯಾಗುತ್ತದೆ. ಒಣ ಮೇವಿನ ಮೇಲೇ ಇರುವ ಕುದುರೆಗೆ ಅದನ್ನು ಎಷ್ಟು ಕೊಡಬೇಕು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ.

ಹುಲ್ಲಿನ ಸಕ್ಕರೆ ಇನ್ನಷ್ಟು ಇಳಿಸಲು ಒಂದು ಉಪಾಯ: ನೀರಲ್ಲಿ ನೆನೆಸುವುದು. ಪೂರ್ತಿ ಮುಳುಗಿಸಿ, ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು ಎತ್ತಿ. ನೀರು ತೆಳು ಕಷಾಯದ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಚೆಲ್ಲಿ, ಕುಡಿಸಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ರಾತ್ರಿಯಿಡೀ ನೆನೆಸಿಟ್ಟರೆ ಹುಳಿ ವಾಸನೆ ಬರುತ್ತದೆ. ನೆನೆಸಿದಾಗ ಸಾರವೂ ಸ್ವಲ್ಪ ಹೋಗುವುದರಿಂದ ಒಣತೂಕ ಅರ್ಧ ಕೆಜಿ ಜಾಸ್ತಿ ಇಟ್ಟುಕೊಳ್ಳಿ. ಒಂದು ಹುಲ್ಲಿನಿಂದ ಇನ್ನೊಂದಕ್ಕೆ ಬದಲಾಯಿಸಲು ಹತ್ತು ದಿನವಾದರೂ ಬೇಕು, ಇಲ್ಲದಿದ್ದರೆ ಹೊಟ್ಟೆನೋವು.

ಬೂಷ್ಟಿನ ಬಗ್ಗೆ ಹಾವೇರಿ ಕಡೆಯವರಿಗೆ ಒಂದು ಮಾತು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಗೋವಿನಜೋಳವನ್ನು "ದನ ತಿಂತಾವಲ್ಲ" ಅಂತ ಕುದುರೆಗೆ ಸುರಿಯಬೇಡಿ. ಅದರಲ್ಲಿ ಫ್ಯುಮೊನಿಸಿನ್ ಅನ್ನುವ ವಿಷ ಇರಬಹುದು, ಅದು ಕುದುರೆಯ ಮೆದುಳನ್ನು ಕರಗಿಸುತ್ತದೆ. ಕೋಳಿ ಆಹಾರವೂ ಹಾಗೇ. ಅದಕ್ಕೆ ಸೇರಿಸುವ ಮೊನೆನ್ಸಿನ್‌ನಂಥ ಔಷಧಿ ಕುದುರೆಯ ಹೃದಯಕ್ಕೆ ವಿಷ.

ನಿಮ್ಮ ಪತ್ರದಲ್ಲಿ ಕುದುರೆ ದಪ್ಪವೋ ಸಣ್ಣವೋ ಬರೆದಿಲ್ಲ. ಕುತ್ತಿಗೆಯ ಮೇಲ್ಭಾಗ ದಿಂಬಿನ ಹಾಗೆ ಗಟ್ಟಿಯಾಗಿದ್ದರೆ ಮೇಲಿನ ಲೆಕ್ಕ ಸರಿ. ಪಕ್ಕೆಲುಬು ಕಾಣುತ್ತಿದ್ದರೆ ಮೊದಲು ಕಾರಣ ಹುಡುಕಬೇಕು. ಜಗಿದ ಹುಲ್ಲು ಉಂಡೆ ಉಂಡೆಯಾಗಿ ಕೆಳಗೆ ಬೀಳುತ್ತಿದ್ದರೆ ಹಲ್ಲು ತೋರಿಸಿ. ಬಿಟ್ಟು ಬಿಟ್ಟು ಜ್ವರ ಬಂದು ಸೊರಗುತ್ತಿದ್ದರೆ ನೊಣದಿಂದ ಹರಡುವ ಸರ್ರಾ ರೋಗಕ್ಕೆ ರಕ್ತಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲೂ ಕೂದಲು ಉದುರದೆ ಉದ್ದ ಬೆಳೆದಿದ್ದರೆ ಪಿಟ್ಯುಟರಿ ಗ್ರಂಥಿಯ ತೊಂದರೆ ಇರಬಹುದು, ಈ ವಯಸ್ಸಿಗೆ ಅದು ಸಾಮಾನ್ಯ. ಅದಕ್ಕೆ ಮಾತ್ರೆಯೇ ಬೇಕು, ಬರೀ ಮೇವಿನಿಂದ ಆಗುವುದಿಲ್ಲ. ತೂಕ ಏರಿಸಬೇಕಾದರೂ ಕಾಳಿಗೆ ಹೋಗಬೇಡಿ. ದಿನಕ್ಕೆ ಒಂದು ಚಮಚದಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಕುಸುಬೆ ಎಣ್ಣೆ ಹೆಚ್ಚಿಸುತ್ತಾ ಹೋಗಬಹುದು.

ಮುಂಗಾಲು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತರೆ, ಗೊರಸು ಬಿಸಿಯಾಗಿದ್ದರೆ ಅವತ್ತೇ ಡಾಕ್ಟ್ರನ್ನು ಕರೆಸಿ. ನೋವು ಇರುವಷ್ಟು ದಿನ ಮೆರವಣಿಗೆ ಬೇಡ, ಮುಂಗಡ ತಗೊಂಡಿದ್ದರೂ ವಾಪಸ್ ಕೊಡಿ.

ಮುಂದೆ ಡಾಕ್ಟ್ರು ಒಪ್ಪಿ, ಮತ್ತೆ ಮದುವೆಗೆ ಹೋದರೆ ಅಲ್ಲಿ ಇನ್ನೊಂದು ಕಾಟ. ಬೀಗರೆಲ್ಲ ಒಬ್ಬೊಬ್ಬರಾಗಿ ಪೇಢಾ ತಂದು ಬಾಯಿಗೆ ಇಡುತ್ತಾರೆ, ಬೇಡ ಅಂದ್ರೆ ಬೇಜಾರು. ರಾಶಿ ಮಾಡುವಾಗ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ಇದೆಯಲ್ಲ, ಅದನ್ನೇ ಸ್ವಲ್ಪ ದೊಡ್ಡದಾಗಿ ಹೆಣೆಸಿ. ಅಂಚಿಗೆ ಜರಿ ಪಟ್ಟಿ ಹೊಲಿಸಿದರೆ ಅದೂ ಅಲಂಕಾರ ಅಂದುಕೊಂಡು ಸುಮ್ಮನಾಗುತ್ತಾರೆ.