ಅಂಗಡಿ ಬಾಗಿಲಲ್ಲಿ ‘ಬ್ಲ್ಯಾಕ್ ಓನ್ಡ್’ ಅಂತ ಬರೆಯುವುದೇಕೆ?

ಓದುಗರ ಪ್ರಶ್ನೆ: ಮಗಳ ಮನೆಗೆಂದು ಅಟ್ಲಾಂಟಾಕ್ಕೆ ಹೋಗಿದ್ದೆವು. ಅಲ್ಲಿ ಕೆಲವು ಹೋಟೆಲ್, ಸಲೂನ್, ಪುಸ್ತಕದ ಅಂಗಡಿಗಳ ಬಾಗಿಲಿಗೆ ‘ಬ್ಲ್ಯಾಕ್ ಓನ್ಡ್’ (ಕಪ್ಪು ಜನರ ಒಡೆತನದ್ದು) ಅಂತ ಸ್ಟಿಕ್ಕರ್ ಅಂಟಿಸಿದ್ದರು. ಆಗಸ್ಟ್ ತಿಂಗಳಲ್ಲಂತೂ ಇಂಥ ಕಡೆಯೇ ವ್ಯಾಪಾರ ಮಾಡಿ ಅಂತ ಪ್ರಚಾರ ಬೇರೆ. ಮಾಲೀಕರ ಬಣ್ಣ ಕಟ್ಟಿಕೊಂಡು ಗಿರಾಕಿಗೇನು? ಬಿಳಿಯರು ಹೀಗೆ ಬರೆದುಕೊಂಡರೆ ಸುಮ್ನೆ ಬಿಡುತ್ತಾರಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಳಿಯರು ಬರೆದುಕೊಂಡಿದ್ದರು. ಅದೂ ಬಹಳ ಕಾಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೋಟೆಲ್, ಥಿಯೇಟರ್, ಲಾಡ್ಜ್‌ಗಳ ಮುಂದೆ ‘ಬಿಳಿಯರಿಗೆ ಮಾತ್ರ’ ಎಂಬ ಬೋರ್ಡ್ ಇರುತ್ತಿತ್ತು. ಅದು ಕಾನೂನಿಗೆ ವಿರುದ್ಧ ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 1964ರಲ್ಲಿ. ಆ ಬೋರ್ಡು ಯಾರು ಒಳಗೆ ಬರಬಾರದು ಅಂತ ಹೇಳುತ್ತಿತ್ತು. ನೀವು ನೋಡಿದ ಸ್ಟಿಕ್ಕರ್ ಗಲ್ಲಾ ಯಾರದು ಅಂತ ಮಾತ್ರ ಹೇಳುತ್ತದೆ. ಒಳಗೆ ಯಾರು ಬೇಕಾದರೂ ಹೋಗಬಹುದು. ನಿಮ್ಮನ್ನೂ ಯಾರೂ ತಡೆದಿರಲಿಕ್ಕಿಲ್ಲ, ಅಲ್ವಾ?

ಸರಿ, ಗಲ್ಲಾ ಯಾರದಾದರೇನು? ಇದು ಒಳ್ಳೆಯ ಪ್ರಶ್ನೆ.

1955ರಲ್ಲಿ ಅಲಬಾಮಾದ ಮಾಂಟ್‌ಗೊಮರಿ ಊರಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ ಎಂಬುದು ನಮಗೆಲ್ಲ ಗೊತ್ತು. ಅದಾದ ಮೇಲೆ ಊರಿನ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಅಷ್ಟು ದಿನ ಕೆಲಸಕ್ಕೆ ಹೋದದ್ದು ಹೇಗೆ? ಕೆಲವರು ನಡೆದರು. ಉಳಿದವರಿಗೆ ಸರದಿಯ ಮೇಲೆ ಕಾರು ಓಡಿಸುವ ಏರ್ಪಾಟು ಆಯಿತು. ಆ ಕಾರುಗಳ ಪೆಟ್ರೋಲಿಗೆ, ವಿಮೆಗೆ ದುಡ್ಡು ಬೇಕಲ್ಲ? ಅದರಲ್ಲಿ ಒಂದಷ್ಟು ಹುಟ್ಟಿದ್ದು ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆಯ ಒಲೆಯ ಮೇಲೆ. ಈಕೆ, ಜತೆಗೆ ಇನ್ನೊಂದಿಷ್ಟು ಹೆಂಗಸರು ಕೋಳಿ ಕರಿದು, ಕೇಕ್, ಪೈ ಬೇಯಿಸಿ ಮನೆಮನೆಗೆ, ಸಲೂನುಗಳಿಗೆ ಮಾರಿದರು. ಬಂದ ಹಣವನ್ನು ಚರ್ಚಿನ ಸಭೆಗೆ ತಂದು ಒಪ್ಪಿಸುತ್ತಿದ್ದರು. ಗುಂಪಿಗೆ ಇಟ್ಟ ಹೆಸರು ‘ಕ್ಲಬ್ ಫ್ರಮ್ ನೋವೇರ್’, ಅಂದರೆ ಎಲ್ಲಿಯದೂ ಅಲ್ಲದ ಕ್ಲಬ್. ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಯಾರ ಹೆಸರೂ ಹೊರಬೀಳಬಾರದು. ಬಿದ್ದರೆ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರ ಅನ್ನಕ್ಕೆ ಕಲ್ಲು.

ಗಿಲ್ಮೋರ್‌ಗೆ ಆದದ್ದೂ ಅದೇ. ಕೋರ್ಟಿನಲ್ಲಿ ಬಸ್ ಡ್ರೈವರ್ ತಮ್ಮೊಂದಿಗೆ ಹೇಗೆ ನಡೆದುಕೊಂಡ ಅಂತ ಸಾಕ್ಷಿ ಹೇಳಿದರು. ಕ್ಯಾಂಟೀನಿನ ಕೆಲಸ ಹೋಯಿತು. ಆಗ ಈ ಬಸ್ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರೇ ಹಣದ ನೆರವು ಕೊಟ್ಟು, ಮನೆಯಲ್ಲೇ ಅಡುಗೆ ಮಾಡಿ ಮಾರಿ ಅಂದರು. ಗಿಲ್ಮೋರ್ ಮನೆಯ ಊಟದ ಕೋಣೆಯೇ ಹೋಟೆಲ್ ಆಯಿತು. ಹೋರಾಟದ ಮಾತುಕತೆ ನಡೆಯುತ್ತಿದ್ದದ್ದೂ ಅದೇ ಮೇಜಿನ ಸುತ್ತ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಇಲ್ಲೇ ಇದೆ. ಸಂಬಳಕ್ಕಿರುವವರನ್ನು ಕೆಲಸದಿಂದ ತೆಗೆಯಬಹುದು. ಸ್ವಂತ ಅಂಗಡಿ ಇಟ್ಟವರನ್ನು, ಅದರಲ್ಲೂ ಗಿರಾಕಿಗಳೆಲ್ಲ ತಮ್ಮ ಜನವೇ ಆಗಿರುವವರನ್ನು ತೆಗೆಯುವವರು ಯಾರು? ಕ್ಷೌರಿಕರು, ಬ್ಯೂಟಿ ಪಾರ್ಲರ್ ಹೆಂಗಸರು, ಶವಸಂಸ್ಕಾರದ ವ್ಯವಸ್ಥೆ ಮಾಡುವವರು ಆ ಚಳವಳಿಯ ಬೆನ್ನೆಲುಬಾದದ್ದು ಇದಕ್ಕೇ.

ಅಲಬಾಮಾದ್ದೇ ಇನ್ನೊಂದು ಊರು ಬರ್ಮಿಂಗ್‌ಹ್ಯಾಮ್‌ನ ಎ.ಜಿ. ಗ್ಯಾಸ್ಟನ್ ಅವರನ್ನೇ ನೋಡಿ. ಗುಲಾಮರಾಗಿದ್ದವರ ಮೊಮ್ಮಗ. ಗಣಿಯಲ್ಲಿ ಕೆಲಸ ಮಾಡುವಾಗ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿಗಳನ್ನು ಜತೆಗಾರರಿಗೆ ಮಾರಿದರು. ಬಡ್ಡಿಗೆ ಸಾಲವನ್ನೂ ಕೊಟ್ಟರು. ಬಡ್ಡಿ ಜೋರೇ ಇತ್ತು, ಸಂತರೇನಲ್ಲ! ಆಮೇಲೆ ಶವಸಂಸ್ಕಾರ, ವಿಮೆ, ಬ್ಯಾಂಕು. 1954ರಲ್ಲಿ ಒಂದು ಮೋಟೆಲ್ ಕಟ್ಟಿಸಿದರು, ಏಕೆಂದರೆ ಆ ಊರಲ್ಲಿ ಕಪ್ಪು ಪ್ರಯಾಣಿಕರಿಗೆ ಒಳ್ಳೆಯ ಲಾಡ್ಜೇ ಇರಲಿಲ್ಲ. 1963ರಲ್ಲಿ ಕಿಂಗ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮ್ ಚಳವಳಿಯ ಲೆಕ್ಕಾಚಾರ ಹಾಕಿದ್ದು ಅದೇ ಮೋಟೆಲಿನ 30ನೇ ನಂಬರ್ ಕೋಣೆಯಲ್ಲಿ. ಮಕ್ಕಳನ್ನು ಮೆರವಣಿಗೆಗೆ ಇಳಿಸಬೇಡಿ ಅಂತ ಗ್ಯಾಸ್ಟನ್ ಕಿಂಗ್ ಜತೆ ಜಗಳವನ್ನೂ ಆಡಿದ್ದರು. ಆದರೂ ಜಾಮೀನಿಗೆ ಹಣ ಕೊಟ್ಟರು. ಆ ವರ್ಷ ಮೇ 11ರ ರಾತ್ರಿ ಮೋಟೆಲಿಗೆ ಬಾಂಬ್ ಬಿತ್ತು. ಇವತ್ತು ಅದು ರಾಷ್ಟ್ರೀಯ ಸ್ಮಾರಕದ ಭಾಗ.

ಇನ್ನು ಬ್ಯಾಂಕಿನ ವಿಷಯ. ನನಗೆ ಇಡೀ ಇತಿಹಾಸದಲ್ಲಿ ಬಹಳ ಇಷ್ಟವಾಗುವವರು ವರ್ಜೀನಿಯಾದ ರಿಚ್ಮಂಡ್ ಊರಿನ ಮ್ಯಾಗಿ ಲೀನಾ ವಾಕರ್. ತಾಯಿ ಬಟ್ಟೆ ಒಗೆದು ಬದುಕಿದವರು. ‘ನಾನು ಬೆಳ್ಳಿ ಚಮಚ ಬಾಯಲ್ಲಿಟ್ಟುಕೊಂಡು ಹುಟ್ಟಿದವಳಲ್ಲ, ಬಟ್ಟೆ ಬುಟ್ಟಿ ತಲೆಯ ಮೇಲೆ ಹೊತ್ತು ಹುಟ್ಟಿದವಳು’ ಅಂತ ಹೇಳಿಕೊಳ್ಳುತ್ತಿದ್ದರು. ಆ ಊರಲ್ಲಿ ಸೇಂಟ್ ಲೂಕ್ ಎಂಬ ಒಂದು ಸಂಘವಿತ್ತು. ಸದಸ್ಯರು ಚಿಕ್ಕ ಚಿಕ್ಕ ಮೊತ್ತ ಕಟ್ಟುವುದು, ಕಾಯಿಲೆ ಬಂದಾಗ, ಸಾವು ಬಂದಾಗ ಸಂಘದಿಂದ ಸಹಾಯ ಪಡೆಯುವುದು. ನಮ್ಮ ಬೀದಿಯಲ್ಲಿ ನಂಬಿಕೆಯ ಮೇಲೆ ನಡೆಯುವ ಚೀಟಿ ಇದೆಯಲ್ಲ, ಅದರ ಹತ್ತಿರದ ನೆಂಟ ಅನ್ನಿ. ಮುಳುಗುತ್ತಿದ್ದ ಆ ಸಂಘವನ್ನು ವಾಕರ್ ಎತ್ತಿ ನಿಲ್ಲಿಸಿದರು. 1902ರಲ್ಲಿ ಪತ್ರಿಕೆ ಶುರು ಮಾಡಿದರು. 1903ರಲ್ಲಿ ಸೇಂಟ್ ಲೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. ಅಮೆರಿಕದಲ್ಲಿ ಬ್ಯಾಂಕಿಗೆ ಪರವಾನಗಿ ಪಡೆದು ಅಧ್ಯಕ್ಷರಾದ ಮೊದಲ ಕಪ್ಪು ಮಹಿಳೆ ಇವರೇ.

ಬ್ಯಾಂಕ್ ಇಡುವುದು ಸುಲಭದ ಮಾತಾಗಿರಲಿಲ್ಲ. ಬಿಡುಗಡೆಯಾದ ಗುಲಾಮರಿಗೆಂದೇ 1865ರಲ್ಲಿ ಶುರುವಾದ ಫ್ರೀಡ್ಮನ್ಸ್ ಬ್ಯಾಂಕ್ 1874ರಲ್ಲಿ ದಿವಾಳಿಯಾಗಿ, 60 ಸಾವಿರಕ್ಕೂ ಹೆಚ್ಚು ಜನರ ಉಳಿತಾಯ ಸಿಕ್ಕಿಹಾಕಿಕೊಂಡಿತ್ತು. ಆ ಗಾಯದ ನೆನಪು ಇದ್ದವರ ಹತ್ತಿರ ಹೋಗಿ, ದುಡ್ಡು ನಮ್ಮ ಬ್ಯಾಂಕಿನಲ್ಲಿಡಿ ಅಂತ ಕೇಳಬೇಕು. ವಾಕರ್ ಮಕ್ಕಳಿಂದ ಹಿಡಿದರು. ಉಳಿತಾಯಕ್ಕೆ ಪುಟ್ಟ ಡಬ್ಬಿ ಕೊಟ್ಟು, ನೂರು ಪೆನ್ನಿ ಕೂಡಿದ ಮೇಲೆ ಬನ್ನಿ, ಖಾತೆ ತೆರೆಯೋಣ ಅಂದರು. ಅಗಸಗಿತ್ತಿಯರು, ಮನೆಗೆಲಸದವರು ಕಟ್ಟಿದ ಹಣ ಅವರದೇ ಬೀದಿಯವರಿಗೆ ಮನೆ ಸಾಲವಾಗಿ ಹೋಯಿತು. 1920ರ ಹೊತ್ತಿಗೆ ಸುಮಾರು 600 ಕುಟುಂಬಗಳು ಹೀಗೆ ಮನೆ ಕೊಂಡಿದ್ದವು. ಎಲ್ಲವೂ ಗೆಲ್ಲಲಿಲ್ಲ. 1905ರಲ್ಲಿ ತೆರೆದ ದೊಡ್ಡ ಬಟ್ಟೆ ಅಂಗಡಿಗೆ ಸರಕು ಕೊಡಬೇಡಿ ಅಂತ ಬಿಳಿ ವ್ಯಾಪಾರಿಗಳು ಸಗಟುಗಾರರ ಮೇಲೆ ಒತ್ತಡ ಹೇರಿದರು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಬ್ಯಾಂಕ್ ಮಾತ್ರ ಮಹಾ ಆರ್ಥಿಕ ಕುಸಿತದ ವರ್ಷಗಳನ್ನೂ ದಾಟಿ, ಬೇರೆ ಬ್ಯಾಂಕುಗಳ ಜತೆ ಸೇರಿಕೊಂಡು, ಶತಮಾನ ಕಂಡಿತು.

ಇಷ್ಟೆಲ್ಲ ಚುರುಕು ಇದ್ದವರ ಅಂಗಡಿಗಳು ಇವತ್ತು ಬೀದಿಗೊಂದರಂತೆ ಇರಬೇಕಿತ್ತಲ್ಲ? ಇಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಸುಮಾರು 14%. ಸಂಬಳದ ಕೆಲಸಗಾರರನ್ನು ಇಟ್ಟುಕೊಂಡ ಉದ್ದಿಮೆಗಳಲ್ಲಿ ಅವರ ಪಾಲು 3%ರ ಆಸುಪಾಸು. ಕಾರಣಗಳಲ್ಲಿ ಕೆಲವು ಭೀಕರ. ಒಕ್ಲಹೋಮಾದ ಟಲ್ಸಾ ಊರಲ್ಲಿ ಗ್ರೀನ್‌ವುಡ್ ಎಂಬ ಬಡಾವಣೆ ಇತ್ತು. ಹೋಟೆಲ್, ಸಿನಿಮಾ ಮಂದಿರ, ದಿನಸಿ ಅಂಗಡಿ, ಡಾಕ್ಟರು, ವಕೀಲರು, ಎಲ್ಲರೂ ಕಪ್ಪು ಜನರೇ. ಜೆ.ಬಿ. ಸ್ಟ್ರಾಡ್‌ಫರ್ಡ್ ಎಂಬವರ ಹೋಟೆಲ್ ಆ ಬೀದಿಯ ಹೆಮ್ಮೆಯಾಗಿತ್ತು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ನುಗ್ಗಿ ಸುಮಾರು 35 ಬ್ಲಾಕುಗಳನ್ನು ಸುಟ್ಟುಹಾಕಿತು. ಸಾವಿರಕ್ಕೂ ಹೆಚ್ಚು ಮನೆ ಹೋದವು. ಸತ್ತವರು 300ರವರೆಗೂ ಇರಬಹುದು ಎಂಬ ಅಂದಾಜಿದೆ. ಗಲಭೆಯ ನಷ್ಟ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತ ವಿಮಾ ಕಂಪನಿಗಳು ಕೈಯೆತ್ತಿದವು. ಜನ ಮತ್ತೆ ಕಟ್ಟಿದರು. ದಶಕಗಳ ಮೇಲೆ ಅದೇ ಬಡಾವಣೆಯ ನಡುವೆ ಹೆದ್ದಾರಿ ಹಾಯಿತು.

ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸವೂ ಇದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ಊರುಗಳ ನಕ್ಷೆ ತಯಾರಿಸಿತು. ಸಾಲ ಕೊಡುವುದು ಅಪಾಯ ಅನ್ನಿಸಿದ ಕಡೆಗೆ ಕೆಂಪು ಬಣ್ಣ. ಕಪ್ಪು ಜನರ ಬಡಾವಣೆಗಳು ಬಹುಪಾಲು ಕೆಂಪು. ಮನೆ ಸಾಲ ಸಿಗದಿದ್ದರೆ ಮನೆ ಇಲ್ಲ. ಮನೆ ಇಲ್ಲದಿದ್ದರೆ ಅಂಗಡಿ ಸಾಲಕ್ಕೆ ಅಡವಿಡಲು ಏನೂ ಇಲ್ಲ. ಅಪ್ಪನಿಗೆ ಸಿಗದ ಸಾಲ ಮಗನ ಬಂಡವಾಳವನ್ನೂ ತಿಂದಿತು. ಈಗ ಹೇಳಿ, ಸ್ಟಿಕ್ಕರ್ ನೋಡಿ ಒಳಗೆ ಬರುವ ಗಿರಾಕಿ ಇಂಥ ಅಂಗಡಿಗೆ ಎಷ್ಟು ಬೇಕಾದವರು?

ಭಾರತದ ನೆಂಟಸ್ತಿಕೆ ಇರುವ ಒಂದು ಕತೆಯನ್ನೂ ಹೇಳಬೇಕು. ವಾಷಿಂಗ್ಟನ್‌ನ ಯು ಸ್ಟ್ರೀಟಿನಲ್ಲಿ ‘ಬೆನ್ಸ್ ಚಿಲಿ ಬೌಲ್’ ಅಂತ ಒಂದು ಸಣ್ಣ ಹೋಟೆಲ್. 1958ರ ಆಗಸ್ಟ್ 22ರಂದು ಶುರುವಾಯಿತು. ಬೆನ್ ಅಲಿ ಟ್ರಿನಿಡಾಡ್‌ನವರು, ಮೂಲ ಭಾರತದ ಮನೆತನ. ಹೆಂಡತಿಯ ಹೆಸರು ವರ್ಜೀನಿಯಾ, ಅದೇ ಹೆಸರಿನ ರಾಜ್ಯದವರೇ, ಕಪ್ಪು ಜನರ ಒಡೆತನದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. 1968ರ ಏಪ್ರಿಲ್‌ನಲ್ಲಿ ಕಿಂಗ್ ಹತ್ಯೆಯಾಗಿ ಆ ಬೀದಿಯೇ ಹೊತ್ತಿ ಉರಿದಾಗ, ಕರ್ಫ್ಯೂ ನಡುವೆಯೂ ಬಾಗಿಲು ತೆರೆದಿಡಲು ಇವರಿಗೆ ಒಪ್ಪಿಗೆ ಸಿಕ್ಕಿತು. ಪೊಲೀಸರು, ಬೆಂಕಿ ಆರಿಸುವವರು, ಹೋರಾಟಗಾರರು, ಎಲ್ಲರಿಗೂ ಊಟ ಬಡಿಸಿದರು. 1980ರ ದಶಕದಲ್ಲಿ ಮೆಟ್ರೊಗೆಂದು ಬೀದಿ ಅಗೆದು ವರ್ಷಗಟ್ಟಲೆ ಬಿಟ್ಟಾಗ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಮುಚ್ಚಿಕೊಂಡು ಹೋದರು. (ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.) ಇವರು ಹೇಗೋ ಉಳಿದರು. ಅಧ್ಯಕ್ಷ ಪದವಿಗೇರುವ ಕೆಲವು ದಿನ ಮುಂಚೆ ಒಬಾಮಾ ಬಂದು ತಿಂದು ಹೋದದ್ದೂ ಇಲ್ಲೇ.

ಇದೆಲ್ಲ ಹಳೆಯ ಕಾಲದ್ದಾಯಿತು, ಈಗ? ಸಲೂನಿನ ಉದಾಹರಣೆ ಸಾಕು. ಕಪ್ಪು ಗಂಡಸರಲ್ಲಿ ಬಿಪಿ ಜಾಸ್ತಿ, ಆಸ್ಪತ್ರೆಗೆ ಹೋಗುವವರು ಕಡಿಮೆ. ಆದರೆ ತಲೆಗೂದಲಿಗೆ ವರ್ಷಾನುಗಟ್ಟಲೆ ಒಂದೇ ಸಲೂನಿಗೆ ಹೋಗುತ್ತಾರೆ. ಲಾಸ್ ಏಂಜಲೀಸ್ ಕಡೆಯ 52 ಸಲೂನುಗಳಲ್ಲಿ, 319 ಗಿರಾಕಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವು ಸಲೂನುಗಳಿಗೆ ಔಷಧ ತಜ್ಞರೇ ಬಂದು, ಬಿಪಿ ನೋಡಿ, ಅಲ್ಲೇ ಮಾತ್ರೆ ಬರೆದುಕೊಟ್ಟರು. ಉಳಿದ ಕಡೆ ಡಾಕ್ಟರ ಹತ್ತಿರ ಹೋಗಪ್ಪ ಅಂತ ಕ್ಷೌರಿಕರು ಹೇಳಿದರು, ಅಷ್ಟೆ. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ ಸರಾಸರಿ 27 ಅಂಶ ಇಳಿದಿತ್ತು. ಎರಡನೆಯದರಲ್ಲಿ 9 ಚಿಲ್ಲರೆ. 2018ರಲ್ಲಿ ಪ್ರಕಟವಾದ ಈ ಫಲಿತಾಂಶ ಡಾಕ್ಟರುಗಳನ್ನೇ ಬೆರಗುಗೊಳಿಸಿತು. ಮಾತ್ರೆ ಎಲ್ಲ ಕಡೆ ಸಿಗುತ್ತದೆ. ನಂಬಿಕೆಯ ಜಾಗ ಎಲ್ಲ ಕಡೆ ಸಿಗುವುದಿಲ್ಲ.

‘ಹಾಗಾದರೂ ಬಣ್ಣ ನೋಡಿ ನೆರವು ಕೊಡುವುದು ತಪ್ಪಲ್ಲವೇ’ ಎನ್ನುವ ವಾದ ಅಮೆರಿಕದಲ್ಲೂ ಇದೆ, ಕೋರ್ಟಿನಲ್ಲಿ ಗೆಲ್ಲುತ್ತಲೂ ಇದೆ. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಸಂಸ್ಥೆ ಕಪ್ಪು ಮಹಿಳೆಯರ ಸಣ್ಣ ಉದ್ದಿಮೆಗಳಿಗೆ 20 ಸಾವಿರ ಡಾಲರ್ ಅನುದಾನ ಕೊಡುತ್ತಿತ್ತು. 2023ರಲ್ಲಿ ಕೇಸು ಬಿತ್ತು. 2024ರಲ್ಲಿ ಮೇಲ್ಮನವಿ ಕೋರ್ಟು ತಡೆ ಹಾಕಿತು, ಅನುದಾನ ನಿಂತಿತು. ಕೋರ್ಟು ಮುಂದಿಟ್ಟ ಕಾಯ್ದೆ ಯಾವುದು ಗೊತ್ತಾ? ಬಿಡುಗಡೆಯಾದ ಗುಲಾಮರ ಹಕ್ಕು ಕಾಪಾಡಲೆಂದು 1866ರಲ್ಲಿ ಮಾಡಿದ ಕಾಯ್ದೆ! ನನಗಂತೂ ಇದು ಜೀರ್ಣವಾಗಿಲ್ಲ. ಆದರೆ ಗಿರಾಕಿಗಳು ತಮಗಿಷ್ಟವಾದ ಅಂಗಡಿಗೆ ಹೋಗುವುದಕ್ಕೆ ಯಾವ ಕೋರ್ಟಿನ ಅಡ್ಡಿಯೂ ಇಲ್ಲ.

ಇನ್ನು, ಭಾರತೀಯರಾದ ನಮಗೇನು ಅಂತ ನೀವು ಕೇಳಬಹುದು. ಭಾರತದಿಂದ ವರ್ಷಕ್ಕೆ ನೂರೇ ಜನ ವಲಸೆ ಬರಬಹುದು ಎಂಬ ಹಳೆಯ ಕೋಟಾ ಪದ್ಧತಿಗೆ ಕೊನೆ ಹಾಡಿದ್ದು 1965ರ ಕಾಯ್ದೆ. ನಾಗರಿಕ ಹಕ್ಕುಗಳ ಹೋರಾಟದ ಬಿಸಿ ಇಲ್ಲದಿದ್ದರೆ ಅದು ಆಗ ಬರುತ್ತಿರಲಿಲ್ಲ. ನಿಮ್ಮ ಮಗಳ ವೀಸಾದ ಬೇರು ಅಲ್ಲಿದೆ. ಇನ್ನೊಂದು ವಿಷಯ ನಮ್ಮವರು ಜಾಸ್ತಿ ಹೇಳಿಕೊಳ್ಳುವುದಿಲ್ಲ. ಸರ್ಕಾರಿ ಗುತ್ತಿಗೆಗಳಲ್ಲಿ ಹಿಂದುಳಿದ ಸಮುದಾಯಗಳ ಉದ್ದಿಮೆಗಳಿಗೆ ಅವಕಾಶ ಕೊಡುವ ಒಂದು ಯೋಜನೆ ಅಲ್ಲಿದೆ. ಮುಖ್ಯವಾಗಿ ಕಪ್ಪು ಉದ್ಯಮಿಗಳನ್ನು ನೆನೆದು ಶುರುವಾದದ್ದು. ನಮ್ಮನ್ನೂ ಆ ಪಟ್ಟಿಗೆ ಸೇರಿಸಿ ಅಂತ ಭಾರತೀಯ ಅಮೆರಿಕನ್ನರು ಅರ್ಜಿ ಹಾಕಿದರು. 1982ರಲ್ಲಿ ಸೇರಿಸಿದರು.

ಹಾಗಂತ ಸ್ಟಿಕ್ಕರ್ ಇರುವ ಅಂಗಡಿಯೆಲ್ಲ ಒಳ್ಳೆಯದೇ ಅಂತ ನಾನು ಹೇಳುವುದಿಲ್ಲ. ಕಾಫಿ ಕೆಟ್ಟದಿದ್ದರೆ ಎದ್ದು ಬನ್ನಿ. ಮುಂದಿನ ಸಲ ಅಟ್ಲಾಂಟಾಕ್ಕೆ ಹೋದಾಗ ಆಬರ್ನ್ ಅವೆನ್ಯೂ ಕಡೆ ಒಂದು ಸುತ್ತು ಹೋಗಿ. ಗುಲಾಮರಾಗಿ ಹುಟ್ಟಿ, ಕ್ಷೌರಿಕರಾಗಿ ದುಡಿದು, 1905ರಲ್ಲಿ ಅಟ್ಲಾಂಟಾ ಲೈಫ್ ವಿಮಾ ಕಂಪನಿ ಕಟ್ಟಿದ ಅಲಾಂಜೊ ಹರ್ನ್‌ಡನ್ ಅವರ ಬೀದಿ ಅದು. ಹಸಿವಾದರೆ, ಮಾಂಸ ತಿನ್ನುವವರಾಗಿದ್ದರೆ, 1947ರಿಂದ ಕೋಳಿಗೆ ಹೆಸರಾದ ಪಾಸ್ಕಲ್ಸ್ ಇದೆ. ಸಸ್ಯಾಹಾರಿಗಳಾದರೆ ಪಿಂಕಿ ಕೋಲ್ ಎಂಬಾಕೆ 2018ರಲ್ಲಿ ಶುರು ಮಾಡಿದ ಬರ್ಗರ್ ಅಂಗಡಿ ಇದೆ. ಆಕೆ 2022ರಲ್ಲಿ ಕ್ಲಾರ್ಕ್ ಅಟ್ಲಾಂಟಾ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿ, ಪದವಿ ಪಡೆದ ಎಲ್ಲರಿಗೂ ಒಂದೊಂದು ಕಂಪನಿ ನೋಂದಣಿ ಮಾಡಿಸಿಕೊಡುತ್ತೇನೆ ಅಂದವರು. ಅಂಗಡಿಯ ಹೆಸರು ‘ಸ್ಲಟ್ಟಿ ವೀಗನ್’. ಮನೆಯಲ್ಲಿ ಹಿರಿಯರ ಎದುರು ಜೋರಾಗಿ ಹೇಳುವ ಹೆಸರಲ್ಲ, ಮಗಳನ್ನೇ ಮುಂದೆ ಬಿಡಿ. ಯಾವ ಶಾಖೆ ತೆರೆದಿದೆ ಅಂತ ಮೊದಲೇ ನೋಡಿಕೊಂಡು ಹೋಗುವುದು ಒಳ್ಳೆಯದು.