ಮಣಿಯೊಳಗೆ ಹುಟ್ಟುವ ಇಂಧನ

'ಸಮ್ಮಿಲನ ರಿಯಾಕ್ಟರಿಗೆ ಸಮುದ್ರದ ನೀರೇ ಇಂಧನ, ಅದು ಮುಗಿಯುವ ಮಾತೇ ಇಲ್ಲ' ಎಂದು ಎಷ್ಟು ಕಡೆ ಬರೆದಿದ್ದಾರೋ ಲೆಕ್ಕವಿಲ್ಲ. ಹಗುರ ಪರಮಾಣುಗಳನ್ನು ಬೆಸೆದು (ಫ್ಯೂಶನ್) ಶಕ್ತಿ ತೆಗೆಯುವ ಈ ರಿಯಾಕ್ಟರಿನ ಬಗ್ಗೆ ಇದು ಅರ್ಧ ಸತ್ಯ. ನೀರಿನಲ್ಲಿ ಸಿಗುವುದು ಹೈಡ್ರೋಜನ್ನಿನ ಭಾರದ ರೂಪವಾದ ಡ್ಯುಟೀರಿಯಂ ಮಾತ್ರ. ಅದರ ಜೊತೆ ಬೆಸೆಯಬೇಕಾದ, ಹೈಡ್ರೋಜನ್ನಿನ ಇನ್ನೂ ಭಾರದ ರೂಪವಾದ ಟ್ರಿಟಿಯಂ, ಬಳಕೆಗೆ ಸಾಕಾಗುವಷ್ಟು ಪ್ರಕೃತಿಯಲ್ಲಿ ಎಲ್ಲೂ ಇಲ್ಲ. ಕೂಡಿಟ್ಟುಕೊಳ್ಳೋಣವೆಂದರೆ ಅದು ತಾನಾಗಿಯೇ ಕ್ಷಯಿಸಿ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಅಂದರೆ ಅರ್ಧಾಯುಷ್ಯ, ಬರೀ 12.3 ವರ್ಷ. 1000 ಮೆಗಾವಾಟ್ ಸಮ್ಮಿಲನ ಶಕ್ತಿ ಕೊಡುವ ರಿಯಾಕ್ಟರು ವರ್ಷವಿಡೀ ಓಡಿದರೆ ಸುಮಾರು 56 ಕಿಲೋ ಟ್ರಿಟಿಯಂ ಬೇಕು. ಭಾರಜಲ ರಿಯಾಕ್ಟರುಗಳಿಂದ ತೆಗೆದಿಟ್ಟ ಜಗತ್ತಿನ ದಾಸ್ತಾನು ಅಷ್ಟೂ ಇಲ್ಲ.

ಹಾಗಾಗಿ ರಿಯಾಕ್ಟರು ತನ್ನ ಇಂಧನವನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಸಮ್ಮಿಲನ ನಡೆಯುವ ಅತಿಬಿಸಿ ಅನಿಲದಿಂದ, ಅಂದರೆ ಪ್ಲಾಸ್ಮಾದಿಂದ, ಚಿಮ್ಮುವ ನ್ಯೂಟ್ರಾನು ಸುತ್ತಲಿನ ಹೊದಿಕೆಯಲ್ಲಿರುವ ಲಿಥಿಯಂ-6ಕ್ಕೆ ತಾಗಿದರೆ ಅದು ಹೀಲಿಯಂ ಮತ್ತು ಟ್ರಿಟಿಯಂ ಆಗಿ ಒಡೆಯುತ್ತದೆ. ಲಿಥಿಯಂನ ಇನ್ನೊಂದು, ತುಸು ಭಾರದ ರೂಪವಾದ ಲಿಥಿಯಂ-7 ಕೂಡ ಟ್ರಿಟಿಯಂ ಕೊಡಬಲ್ಲದು, ಆದರೆ ಅದಕ್ಕೆ ವೇಗದ ನ್ಯೂಟ್ರಾನೇ ಬೇಕು. ಈ ಪಾಠವನ್ನು ಕಲಿಸಿದ್ದು ಅಮೆರಿಕ 1954ರಲ್ಲಿ ನಡೆಸಿದ 'ಕ್ಯಾಸಲ್ ಬ್ರಾವೊ' ಹೈಡ್ರೋಜನ್ ಬಾಂಬ್ ಪರೀಕ್ಷೆ. ಲಿಥಿಯಂ-7 ಸುಮ್ಮನಿರುತ್ತದೆ ಎಂದು ಎಣಿಸಿದ್ದರು. 6 ಮೆಗಾಟನ್ ನಿರೀಕ್ಷಿಸಿದ್ದ ಕಡೆ 15 ಮೆಗಾಟನ್ ಸಿಡಿದು, ಮಾರ್ಷಲ್ ದ್ವೀಪಗಳ ಜನರ ಮೇಲೆ ವಿಕಿರಣದ ಬೂದಿ ಸುರಿಯಿತು.

ಲೋಹದ ಲಿಥಿಯಂ ನೀರು ಸೋಕಿದರೆ ಕೆರಳುತ್ತದೆ. ಆದ್ದರಿಂದ ಅದನ್ನು ಲಿಥಿಯಂ ಟೈಟನೇಟ್, ಲಿಥಿಯಂ ಆರ್ಥೋಸಿಲಿಕೇಟ್‌ಗಳಂಥ ಸೆರಾಮಿಕ್‌ನಲ್ಲಿ ಕಟ್ಟಿಹಾಕಿ, ಒಂದು ಮಿಲಿಮೀಟರ್ ಆಸುಪಾಸಿನ ಮಣಿಗಳನ್ನು ಮಾಡುತ್ತಾರೆ. ಜರ್ಮನಿಯ ಕಾರ್ಲ್ಸ್‌ರೂನಲ್ಲಿ ಆರ್ಥೋಸಿಲಿಕೇಟ್ ಕರಗಿಸಿ ಸಣ್ಣ ರಂಧ್ರದಿಂದ ಎಳೆಯಾಗಿ ಹೊರಬಿಡುತ್ತಾರೆ. ಮೇಲ್ಮೈ ಎಳೆತಕ್ಕೆ ಆ ಎಳೆ ತಾನಾಗಿಯೇ ಹನಿಹನಿಯಾಗಿ ತುಂಡಾಗುತ್ತದೆ. ಬೀಳುತ್ತಿರುವಾಗಲೇ ದ್ರವ ಸಾರಜನಕದ ತುಂತುರು ತಾಗಿ ಹನಿಗಳು ಗುಂಡಗೇ ಗಟ್ಟಿಯಾಗುತ್ತವೆ. ಎಷ್ಟು ಚೆಂದದ ಉಪಾಯ!

ಟೈಟನೇಟಿನ ದಾರಿ ಬೇರೆ. ಲಿಥಿಯಂ ಕಾರ್ಬೊನೇಟ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಪುಡಿಗಳನ್ನು ಬೆರೆಸಿ ಕಾಯಿಸಿ, ಬಂದ ಪುಡಿಯನ್ನು ಉಂಡೆ ಕಟ್ಟಿ ಮತ್ತೆ ಸುಡಬೇಕು. ನನ್ನನ್ನು ಬೆರಗಾಗಿಸುವುದು ಈ ಸುಡುವ ಹದ. ಟ್ರಿಟಿಯಂ ಹುಟ್ಟಿದರೆ ಸಾಲದು, ಮಣಿಯಿಂದ ಹೊರಗೆ ಬರಬೇಕು. ಸೆರಾಮಿಕ್‌ನ ಹರಳನ್ನು ಮನೆ ಎಂದುಕೊಳ್ಳಿ. ಹರಳುಗಳ ನಡುವಿನ ಗಡಿ ಓಣಿ, ತೆರೆದ ರಂಧ್ರಗಳು ಹೆದ್ದಾರಿ. ಒಳಗೆ ಹುಟ್ಟಿದ ಟ್ರಿಟಿಯಂ ಅಡ್ಡಾದಿಡ್ಡಿ ಅಲೆಯುತ್ತಲೇ ಓಣಿ ಸೇರಬೇಕು. ಹೀಗೆ ಅಲೆಯುವುದಕ್ಕೆ ಹಿಡಿಯುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಹರಳು ಎರಡು ಪಟ್ಟು ದಪ್ಪವಾದರೆ ಹೊತ್ತು ನಾಲ್ಕು ಪಟ್ಟು. ಹೆಚ್ಚು ಸುಟ್ಟರೆ ಹರಳು ಬೆಳೆಯುತ್ತದೆ, ರಂಧ್ರ ಮುಚ್ಚುತ್ತದೆ, ಸಾಲದ್ದಕ್ಕೆ ಲಿಥಿಯಂ ಆವಿಯಾಗುತ್ತದೆ. ಕಡಿಮೆ ಸುಟ್ಟರೆ ಮಣಿ ಪುಡಿಯಾಗಿ ಅನಿಲದ ದಾರಿಗೇ ಅಡ್ಡ ಬೀಳುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ದಟ್ಟವಾದ ಮಣಿ ಯಾರಿಗೂ ಬೇಡ, ಶೇ. 80ರಿಂದ 90ರ ಸಾಂದ್ರತೆಗೇ ನಿಲ್ಲಿಸುತ್ತಾರೆ.

ಮೇಲ್ಮೈಗೆ ಬಂದ ಟ್ರಿಟಿಯಂ ಅಲ್ಲೇ ಅಂಟಿ ಕೂರದಂತೆ, ಮಣಿಗಳ ಸಂದಿಯಲ್ಲಿ ತುಸು ಹೈಡ್ರೋಜನ್ ಬೆರೆಸಿದ ಹೀಲಿಯಂ ಹರಿಸುತ್ತಾರೆ. ಹೈಡ್ರೋಜನ್ ಅದರ ಜಾಗ ಹಿಡಿದು ಅದನ್ನು ಬಿಡಿಸುತ್ತದೆ.

ಒಂದು ಸಮ್ಮಿಲನಕ್ಕೆ ಸಿಗುವುದು ಒಂದೇ ನ್ಯೂಟ್ರಾನ್, ಅದರಲ್ಲೂ ಕೆಲವು ಗೋಡೆಯ ಪಾಲು. ಆದ್ದರಿಂದ ಒಂದಕ್ಕೆ ಎರಡು ನ್ಯೂಟ್ರಾನ್ ಕೊಡುವ ಬೆರಿಲಿಯಂ ಅಥವಾ ಸೀಸವನ್ನು ಹೊದಿಕೆಯಲ್ಲಿ ಸೇರಿಸಬೇಕು. ನೈಸರ್ಗಿಕ ಲಿಥಿಯಂನಲ್ಲಿ ಶೇ. 7.5ರಷ್ಟೇ ಇರುವ ಲಿಥಿಯಂ-6ರ ಪ್ರಮಾಣವನ್ನೂ ಹೆಚ್ಚಿಸಬೇಕು, ಅದು ದುಬಾರಿ ಕೆಲಸ. ಕರಗಿಸಿ ಮಾಡಿದ ಮಣಿಗೆ ಇಲ್ಲೊಂದು ಅನುಕೂಲವಿದೆ: ಬಳಸಿ ಸವೆದ ಮೇಲೆ ಅದನ್ನೇ ಮತ್ತೆ ಕರಗಿಸಿ, ಖರ್ಚಾದಷ್ಟು ಲಿಥಿಯಂ ಸೇರಿಸಿ, ಹೊಸ ಮಣಿ ಎರೆಯಬಹುದು.